ಆರು ಎಡ ಹಾಳೆಗಳು

ತಟ್ಟಕ್ಕ ಯಾರ ಮನೆಗೆ ಹೋದರೂ ಬಾಗಿಲನ್ನು ಎರಡು ಸಲ ತಟ್ಟುತ್ತಾಳೆ. ಒಂದು ಸಲ ಒಳಗಿನವರಿಗೆ, ಇನ್ನೊಂದು ಸಲ ಬಾಗಿಲಿಗೆ. ಬಾಗಿಲು ತೆರೆದವರು ‘ಬಾ ಅಕ್ಕ’ ಅನ್ನುವುದರೊಳಗೆ ಅವಳ ತೀರ್ಪು ಬಂದಾಗಿರುತ್ತದೆ: “ತೇಗ ಅಂತ ಹೇಳಿ ಮಾರಿದ್ನಾ? ಮೇಲೊಂದು ಸಿಪ್ಪೆ ತೇಗ, ಒಳಗೆಲ್ಲ ಹೊಟ್ಟು. ಚೆನ್ನಾಗಿ ಟೋಪಿ ಹಾಕಿದಾನೆ.” ಮೇಜು, ಕಪಾಟು, ಆಸ್ಪತ್ರೆಯ ಬೆಂಚು, ಬಸ್ಸಿನ ಸೀಟಿನ ಬೆನ್ನು, ಕೊನೆಗೆ ತಂಗಿಯ ಗಂಡನ ಬೋಳುತಲೆ. ಅವಳ ಬೆರಳಿನ ಗೆಣ್ಣು ಯಾವುದನ್ನೂ ಬಿಟ್ಟಿಲ್ಲ. ಅದಕ್ಕೇ ಬೀದಿಯವರು ಇಟ್ಟ ಹೆಸರು ಅದು. ಗುರುತಿನ ಚೀಟಿಯಲ್ಲಿರುವ ಹೆಸರಿನಿಂದ ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ.

ಅವಳು ಗಿಟಾರ್ ಮಾಡುವವಳು. ಮಾರುವವಳಲ್ಲ, ಬಾರಿಸುವವಳೂ ಅಲ್ಲ. ಮರ ಆರಿಸಿ, ಸೀಳಿ, ಕೆರೆದು, ಬಗ್ಗಿಸಿ, ಸರೇಸು ಹಚ್ಚಿ ಅಂಟಿಸಿ, ತಂತಿ ಕಟ್ಟುವ ತನಕದ ಎಲ್ಲವನ್ನೂ ಎರಡೇ ಕೈಯಲ್ಲಿ ಮಾಡುವವಳು. ಬಸ್ ಡಿಪೋದ ಹಿಂಗೋಡೆಗೆ ಆತುಕೊಂಡ ಎರಡು ಕೋಣೆಯ ಮನೆ ಅವಳದು. ಮುಂದಿನ ಕೋಣೆಯಲ್ಲಿ ಸಂಸಾರ, ಹಿಂದಿನದರಲ್ಲಿ ಕಾರ್ಖಾನೆ. ಅಂಟಿಸಿದ್ದನ್ನು ಬಿಗಿಯಲು ಪೇಟೆಯಲ್ಲಿ ಸಿಗುವ ಕ್ಲ್ಯಾಂಪುಗಳಿಲ್ಲ. ಹಳೇ ಟ್ಯೂಬನ್ನು ರಿಬ್ಬನ್ನಿನ ಹಾಗೆ ಕತ್ತರಿಸಿ ಸುತ್ತುತ್ತಾಳೆ. ಟ್ಯೂಬಿಗೆ ಕೊರತೆಯಿಲ್ಲ, ಗಂಡ ಡಿಪೋದ ಟೈರ್ ವಿಭಾಗದವನು. ಅವನನ್ನು ನಾವೆಲ್ಲ ಬಾವ ಅನ್ನುತ್ತೇವೆ. ಕಿಟಕಿಯ ಪಕ್ಕ ಒಂದಕ್ಕೊಂದು ಅಂಟಿಸಿದ ಎರಡು ತೆಳು ಮರದ ಪಟ್ಟಿ ನೇತಾಡುತ್ತದೆ. ಗಾಳಿ ಒದ್ದೆಯಾದರೆ ಅದು ಎಡಕ್ಕೆ ಬಾಗುತ್ತದೆ, ಒಣಗಿದರೆ ಬಲಕ್ಕೆ. ಅದು ನೆಟ್ಟಗೆ ನಿಂತ ದಿನ ಮಾತ್ರ ತಟ್ಟಕ್ಕ ಸರೇಸಿನ ಡಬ್ಬಿ ಒಲೆಗೆ ಇಡುತ್ತಾಳೆ. “ನನ್ನ ಮಾತು ಈ ಮನೇಲಿ ನಡೆಯಲ್ಲ. ಆ ಕಡ್ಡಿ ಮಾತು ನಡೆಯುತ್ತೆ,” ಎಂದು ಬಾವ ಬಂದವರಿಗೆಲ್ಲ ಹೇಳುತ್ತಾನೆ.

ಅವಳಪ್ಪ ಗಾಜಿನ ಸಾಮಾನಿಗೆ ಪ್ಯಾಕಿಂಗ್ ಪೆಟ್ಟಿಗೆ ಹೊಡೆಯುತ್ತಿದ್ದವನು. ಪೆಟ್ಟಿಗೆಯ ಮೇಲೆ ಬಾಣದ ಗುರುತು, ಅದರ ಕೆಳಗೆ ‘ಈ ಬದಿ ಮೇಲೆ’ ಎಂದು ಅಚ್ಚು ಬಳಿಯುವುದು ಎಂಟು ವರ್ಷದ ಮಗಳ ಕೆಲಸ. ಅವಳು ಅಕ್ಷರ ಕಲಿತದ್ದೇ ಹಾಗೆ. ಅಪ್ಪ ಸತ್ತ ಮೇಲೆ ಮರದ ಮಿಲ್ಲು ಸೇರಿದಳು. ಹದಿನಾರು ವರ್ಷ ಹಲಗೆ ನುಣ್ಣಗೆ ಮಾಡುವ ಯಂತ್ರದ ಮುಂದೆ ನಿಂತಳು. ಆ ಯಂತ್ರ ಕಿರುಚುವುದನ್ನು ಕೇಳದವರಿಗೆ ಹೇಳಿ ಪ್ರಯೋಜನವಿಲ್ಲ, ಕೇಳಿದವರಿಗೆ ಹೇಳಿದರೆ ಕೇಳಿಸುವುದಿಲ್ಲ. ಕಿವಿಗೆ ಮುಚ್ಚಳ ಕೊಡಿ ಎಂದು ಹೆಂಗಸರೆಲ್ಲ ಸೇರಿ ಮಾಲೀಕನ ಮುಂದೆ ನಿಂತಾಗ ಅವನು ಹಲ್ಲುಕಡ್ಡಿ ಕಚ್ಚಿಕೊಂಡೇ ಹೇಳಿದ: “ನಿಮಗ್ಯಾಕ್ರಮ್ಮ ಕಿವಿ? ಇಲ್ಲಿ ಕೇಳಿಸ್ಕೊಳ್ಳೋ ಅಂಥ ಮಾತು ಯಾರಾಡ್ತಾರೆ?” ಪಕ್ಕದಲ್ಲಿದ್ದ ಮೇಸ್ತ್ರಿ ನಕ್ಕ. ಸಂಘದ ನಾವೂ ಸೇರಿ ಎರಡು ವಾರ ಗೇಟಿನ ಮುಂದೆ ಕೂತೆವು. ಕೊನೆಗೆ ಕೊಟ್ಟದ್ದು ಒಂದೊಂದು ಹಿಡಿ ಹತ್ತಿ. ಆ ಹೊತ್ತಿಗೆ ತಟ್ಟಕ್ಕನ ಎಡಗಿವಿ ಮಿಲ್ಲಿನ ಲೆಕ್ಕಕ್ಕೆ ಹೋಗಿಯಾಗಿತ್ತು.

ಗಿಟಾರಿನ ಗಂಟು ಬಿದ್ದದ್ದು ಒಬ್ಬನ ಅಂಡಿನಿಂದ. ಬ್ಯಾಂಡಿನವನೊಬ್ಬ ಕುಡಿದು ತನ್ನ ಗಿಟಾರಿನ ಮೇಲೆಯೇ ಕೂತು, ಅಪ್ಪಳಿಸಿ, ಬೆಳಿಗ್ಗೆ ಅದನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದಿದ್ದ. “ಪೆಟ್ಟಿಗೆ ರಿಪೇರಿ ಮಾಡ್ತೀರಂತೆ?” ತಟ್ಟಕ್ಕ ಅದನ್ನು ಕೆಟಲಿನ ಹಬೆ ಹಿಡಿದು, ತೆಳು ಚಾಕು ಆಡಿಸಿ, ಪೂರ್ತಿ ಬಿಚ್ಚಿಬಿಟ್ಟಳು. ಮುಖದ ಹಲಗೆ, ಬೆನ್ನಿನ ಹಲಗೆ, ಪಕ್ಕೆಗಳು, ಒಳಗಿನ ಅಡ್ಡಪಟ್ಟಿಗಳು ಎಲ್ಲ ಹಾಸಿಗೆಯ ಮೇಲೆ ಹರಡಿದ್ದವು. ಮೂರು ತಿಂಗಳು ಗಂಡಹೆಂಡತಿ ನೆಲದ ಮೇಲೆ ಮಲಗಿದರು. ಮತ್ತೆ ಮುಚ್ಚಿದಾಗ ಅದು ಮೊದಲಿಗಿಂತ ಜೋರಾಗಿ ಮಾತಾಡಿತು. ಬ್ಯಾಂಡಿನವನು ಅತ್ತ. ಅದು ಕುಡಿತದ ಅಳುವೋ ಏನೋ, ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿಂದ ಇಪ್ಪತ್ತೆರಡು ವರ್ಷ, ವರ್ಷಕ್ಕೆ ಎರಡರ ಹಾಗೆ, ಪೇಟೆಯ ವಾದ್ಯದಂಗಡಿಗೆ ಮಾಡಿಕೊಟ್ಟಳು. ಗಿಟಾರಿನ ಹೊಟ್ಟೆಯ ತೂತಿನಲ್ಲಿ ಇಣುಕಿದರೆ ಒಳಗೆ ಚಿನ್ನದ ಅಕ್ಷರದ ಚೀಟಿ ಕಾಣುತ್ತದೆ. ಅದರಲ್ಲಿ ಇರುವುದು ಅಂಗಡಿಯವನ ಹೆಸರು. ಅವನಿಗೆ ಮೊಳೆ ಹೊಡೆಯಲೂ ಬರುವುದಿಲ್ಲ.

ಇನ್ನು ಮೇಜಿನ ವಿಷಯ.

ನಮ್ಮ ಕಾರ್ಮಿಕರ ಸಭಾಭವನವನ್ನು ಕಾರು ನಿಲ್ಲಿಸುವ ಜಾಗ ಮಾಡಲು ಕೆಡವಿದಾಗ ವೇದಿಕೆಯ ಮೇಜು ಅನಾಥವಾಯಿತು. ಆರು ಹಲಗೆಯ ಬೀಟೆ ಮೇಜು, ಒಂದೊಂದು ಹಲಗೆ ಒಂದಂಗುಲ ದಪ್ಪ, ಗೇಣಿಗಿಂತ ಅಗಲ. ಅರವತ್ತು ವರ್ಷ ಅದರ ಮೇಲೆ ಮುಷ್ಟಿ ಬಿದ್ದಿದೆ. ಸತ್ಯ ಹೇಳುವವರೂ ಗುದ್ದಿದ್ದಾರೆ, ಸುಳ್ಳು ಹೇಳುವವರು ಇನ್ನೂ ಜೋರಾಗಿ ಗುದ್ದಿದ್ದಾರೆ. ಗುಜರಿಯವನು ಸೌದೆ ಎಂದು ಎತ್ತಿಕೊಳ್ಳಲು ಬಂದಾಗ ತಟ್ಟಕ್ಕ ಅದನ್ನೊಂದು ಸಲ ತಟ್ಟಿ, ತಲೆ ವಾಲಿಸಿ ಬಲಗಿವಿ ಕೊಟ್ಟಳು. ಆಮೇಲೆ ಮೇಜಿನ ಮೇಲೆ ಹತ್ತಿ ಕೂತಳು. “ಇದನ್ನ ಒಯ್ಯೋದಾದ್ರೆ ನನ್ನನ್ನೂ ಸೇರಿಸಿ ಒಯ್ಯಿ.” ಸಂಘದವರೆಲ್ಲ ಅಲ್ಲೇ ಇದ್ದೆವು. ಅವಳಿಗೇ ಕೊಟ್ಟೆವು.

ಆರು ಹಲಗೆಗಳನ್ನೂ ಅವಳು ಕೈಗರಗಸದಲ್ಲಿ ಸೀಳಿದಳು. ಅಡ್ಡಕ್ಕಲ್ಲ, ದಪ್ಪದಲ್ಲಿ. ರೊಟ್ಟಿಯನ್ನು ಎರಡು ಪದರವಾಗಿ ಬಿಡಿಸಿದ ಹಾಗೆ. ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ಬಾವ, ಹನ್ನೊಂದು ದಿನ. ಹೀಗೆ ಸೀಳಿದ ಎರಡು ಹಾಳೆಯನ್ನು ಪುಸ್ತಕದಂತೆ ತೆರೆದಿಟ್ಟರೆ ಎಡಗಡೆಯ ಗೆರೆಗಳೇ ಬಲಗಡೆಯಲ್ಲಿ ತಿರುಗಿ ನಿಲ್ಲುತ್ತವೆ, ಕನ್ನಡಿ ಹಿಡಿದ ಹಾಗೆ. ಗಿಟಾರಿನ ಬೆನ್ನು ಅಂದರೆ ಈ ಎರಡು ಹಾಳೆ. ಒಂದೇ ಮರದ ಒಂದೇ ಜಾಗದ್ದಾದ್ದರಿಂದ ಹಿಗ್ಗಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಕುಗ್ಗಿದರೆ ಒಟ್ಟಿಗೆ. ಬೇರೆ ಬೇರೆ ಮರದ್ದನ್ನು ಸೇರಿಸಿದರೆ ಒಂದು ಉಸಿರೆಳೆಯುವಾಗ ಇನ್ನೊಂದು ಬಿಡುತ್ತದೆ, ಎಂದೋ ಒಂದು ದಿನ ನಡುವೆ ಬಾಯಿ ಬಿಡುತ್ತದೆ. ಹಾಗಾಗಿ ತಟ್ಟಕ್ಕ ಹನ್ನೆರಡು ಹಾಳೆಗೂ ಪೆನ್ಸಿಲಿನಲ್ಲಿ ಬರೆದಿದ್ದಳು: ಒಂದು ಎಡ, ಒಂದು ಬಲ, ಎರಡು ಎಡ, ಎರಡು ಬಲ. ಹಾಳೆ ಹಾಳೆಯ ನಡುವೆ ಬೆರಳುಗಾತ್ರದ ಕಡ್ಡಿ ಇಟ್ಟು, ಗಾಳಿ ಆಡುವಂತೆ ಪೇರಿಸಿ, ವಾರಕ್ಕೊಮ್ಮೆ ಮಗುಚಿ ಹಾಕುತ್ತ ಮೂರು ವರ್ಷ ಕಾದಳು. ಮಂಗಳವಾರ ಮಗುಚುವ ದಿನ. ಬಾವನ ವಾರದ ರಜೆಯೂ ಅಂದೇ, ಪಾಪ.

ಮುಖದ ಹಲಗೆಗೆ ಒಂದು ಶಾಲೆಯವರು ಎಸೆದ ಪಿಯಾನೋದ ಹೊಟ್ಟೆಯಿಂದ ಸ್ಪ್ರೂಸ್ ಎಂಬ ಹಗುರ ಮರ ಸಿಕ್ಕಿತ್ತು, ಹಾಲಿನ ಕೆನೆ ಬಣ್ಣದ್ದು. ಕುತ್ತಿಗೆಗೆ ಹಳೇ ಬೀರುವಿನ ಮಹಾಗನಿ. ಮೇಜಿನ ಕಾಲುಕಟ್ಟಿನ ಪಟ್ಟಿಗಳನ್ನು ಪಕ್ಕೆಗೆಂದು ತೆಳುವಾಗಿ ಕೆರೆದು, ಬಿಸಿ ಕೊಳವೆಗೆ ಒತ್ತಿ, ಸೊಂಟದ ಆಕಾರಕ್ಕೆ ಬಗ್ಗಿಸಿ ಗೋಡೆಗೆ ನೇತುಹಾಕಿದ್ದಳು.

ಅಷ್ಟರಲ್ಲಿ ಬಲಗಿವಿಯಲ್ಲಿ ಜೀರುಂಡೆ ಕೂಗಲು ಶುರುವಾಯಿತು. ಕಿವಿ ಡಾಕ್ಟರು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಕುಯ್ಯ್ ಕುಯ್ಯ್ ಅನ್ನಿಸಿ, ಕಾಗದದ ಮೇಲೆ ಇಳಿಜಾರು ಗೆರೆಯೊಂದನ್ನು ತೋರಿಸಿದರು.

“ಮಿಲ್ಲಿನ ಸದ್ದು ಮಾಡಿದ ಕೆಲಸ ಇದು. ಎತ್ತರದ ಶಬ್ದಗಳು ಮೊದಲು ಹೋಗ್ತವೆ. ಒಂದು ವರ್ಷ, ಒಂದೂವರೆ ವರ್ಷ.”

“ಗಿಟಾರಿನ ಮೊದಲ್ನೇ ತಂತಿ ಎಷ್ಟು ದಿನ ಕೇಳ್ಸುತ್ತೆ ಡಾಕ್ಟ್ರೆ?”

“ಏನಮ್ಮ?”

“ಅಯ್ಯೋ, ನಿಮಗೂ ಕೇಳ್ಸಲ್ವಾ?”

ಹೊರಗೆ ಬಂದು ಬಾವನಿಗೆ ಹೇಳಿದಳು, “ಊರಿಗೆಲ್ಲ ಮಾಡಿದ್ದಾಯ್ತು. ಒಂದು ನನ್ನ ಹೆಸ್ರಲ್ಲಿ ಮಾಡ್ತೀನಿ. ಕಿವಿ ಇರೋವಾಗ್ಲೇ.” ಗಿಟಾರ್ ಮಾಡುವವರಿಗೆ ಕಿವಿ ಕೊನೆಯಲ್ಲಿ ಬೇಕಾಗುವುದಲ್ಲ, ಮೊದಲಿಂದ ಬೇಕಾಗುವುದು. ಹಾಳೆಯನ್ನು ಎರಡು ಬೆರಳಲ್ಲಿ ತೂಗಿ ಹಿಡಿದು ತಟ್ಟಿ, ಕೆರೆದು, ಮತ್ತೆ ತಟ್ಟಿ, ಎಷ್ಟು ಕೆರೆದರೆ ಸಾಕು ಎಂದು ತಿಳಿಯುವುದು ಕಿವಿಯಿಂದಲೇ. ಇನ್ನೊಂದು ಕೂದಲೆಳೆ ಕೆರೆದರೆ ಮರ ಸಾಯುತ್ತದೆ.

ಹದಿನೈದು ದಿನಕ್ಕೆ ಇಲಾಖೆಯ ಜೀಪು ಬಂತು.

ಅಪರೂಪದ ಮರ ಕಾಯುವ ಇಲಾಖೆ ಅದು. ತಟ್ಟಕ್ಕನ ಕಿವಿ ತಿಂದ ಮಿಲ್ಲಿನ ಅಂಗಳದಲ್ಲಿ ನಿನ್ನೆ ಮೊನ್ನೆ ಕಡಿದ ದಿಮ್ಮಿಗಳು ಲಾರಿಗಟ್ಟಲೆ ಬಿದ್ದಿರುತ್ತವೆ, ಇನ್ನೂ ರಸ ಸೋರುತ್ತಿರುತ್ತದೆ. ಅವಕ್ಕೆ ಕಾಗದ ಇದೆ. ಹಸಿ ಮರಕ್ಕೆ ಕಾಗದ ಸಿಗುತ್ತದೆ, ಒಣಮರಕ್ಕೆ ಸಿಗುವುದಿಲ್ಲ. ಸಾಹೇಬ ಕಾರ್ಖಾನೆ ಕೋಣೆಗೆ ಬೂಟು ಹಾಕಿಕೊಂಡೇ ನುಗ್ಗಿ ಹಾಳೆಗಳ ಮುಂದೆ ನಿಂತ.

“ಬೀಟೆ. ಎಲ್ಲಿಂದ ಬಂತು?”

“ಮೇಜಿಂದ.”

“ಮೇಜು ಎಲ್ಲಿಂದ ಬಂತು?”

“ಸಭಾಭವನದಿಂದ.”

“ಅದಕ್ಕೆ ಎಲ್ಲಿಂದ ಬಂತು?”

“ಮರದಿಂದ ಬಂದಿರ್ಬೇಕು ಸಾರ್. ನಾನು ಆಗ ಹುಟ್ಟಿರ್ಲಿಲ್ಲ. ನಿಮ್ಮ ಕಾನೂನೂ ಹುಟ್ಟಿರ್ಲಿಲ್ಲ.”

“ತಲೆಹರಟೆ ಬೇಡ. ಮೂಲದ ಪತ್ರ ಇದೆಯಾ?”

“ಅರವತ್ತು ವರ್ಷದ ಮೇಜಿಗೆ ಜನನಪತ್ರ ಕೇಳ್ತೀರಲ್ಲ, ನಿಮ್ಮಜ್ಜಿದು ಇದೆಯಾ ಸಾರ್?” ಎಂದು ಬಾವ ಬಾಗಿಲಿನಿಂದ ಕೇಳಿದ. ಅದು ಆ ದಿನಕ್ಕೆ ಒಳ್ಳೆಯದು ಮಾಡಲಿಲ್ಲ.

ಮಹಜರು ಬರೆದರು: ‘ಬೀಟೆ ಹಲಗೆ, ಹನ್ನೆರಡು’. ಗೋಡೆಯ ಮೇಲಿನ ಬೀಟೆ ಪಕ್ಕೆಗಳನ್ನು ಅವರು ಮುಟ್ಟಲೇ ಇಲ್ಲ. ಅದೇನೋ ಮುರಿದ ಬುಟ್ಟಿ ಅಂದುಕೊಂಡರು. ಇಲಾಖೆಯ ಪ್ರಕಾರ ನೆಟ್ಟಗಿರುವುದು ಮಾತ್ರ ಮರ. ಹಗ್ಗ ಬಿಗಿದು ಜೀಪಿಗೆ ಎಸೆಯುವಾಗ ತಟ್ಟಕ್ಕ ಕಡ್ಡಿಗಳ ಚೀಲ ಹಿಡಿದು ಹಿಂದೆ ಓಡಿದಳು. “ಇವನ್ನೂ ತಗೊಳ್ಳಿ. ಒಂದ್ರ ಮೇಲೊಂದು ಹಾಗೇ ಇಡ್ಬೇಡಿ, ಬಾಗ್ತವೆ. ನಡುವೆ ಕಡ್ಡಿ ಇಡಿ. ಮಂಗಳವಾರ ಮಗುಚಬೇಕು.”

ಸಾಹೇಬ ಡ್ರೈವರನ ಕಡೆ ನೋಡಿ ನಕ್ಕ. “ಹಲಗೇನ ಮಗುಚಬೇಕಂತೆ. ಹಾಲೂ ಕುಡಿಸ್ಬೇಕೇನಮ್ಮ?”

ನಾನು ಹೋರಾಟದಲ್ಲಿ ಲಾಠಿ ಕಂಡವನು, ಕಂಬಿಯೊಳಗೂ ಕೂತವನು. ಹೊಡೆತಕ್ಕಿಂತ ಈ ನಗು ಹೆಚ್ಚು ಕೆಡುಕು. ಹೊಡೆಯುವವನು ನಿನ್ನನ್ನು ಎದುರಾಳಿ ಅಂತಾದರೂ ತಿಳಿದಿರುತ್ತಾನೆ.

ಮೊದಲ ಮಂಗಳವಾರ ಅವಳು ಕಡ್ಡಿಯ ಚೀಲ ಹೆಗಲಿಗೇರಿಸಿ ಇಲಾಖೆಯ ಕಚೇರಿಗೆ ಹೋದಳು. ಉಗ್ರಾಣ ಹಿತ್ತಲಲ್ಲಿದೆ, ತಗಡಿನ ಮಾಡು, ಸಿಮೆಂಟಿನ ಹಸಿ ನೆಲ. ಕಾವಲುಗಾರ ಬಿಡಲಿಲ್ಲ. ಎರಡನೇ ಮಂಗಳವಾರವೂ ಬಿಡಲಿಲ್ಲ. ಮೂರನೇ ವಾರ ಅವನೇ ಕೇಳಿದ:

“ಏನಮ್ಮ, ಮರ ವಾಪಸ್ ಬೇಕು ಅಂತ ಸಾಹೇಬರನ್ನ ಕೇಳ್ಬೇಕು. ನೀನು ಒಳಗೆ ಬಿಡು ಅಂತ ನನ್ನ ಕೇಳ್ತೀಯಲ್ಲ?”

“ವಾಪಸ್ ಕೊಡೋದು ಅವರಿಷ್ಟ. ಅಲ್ಲಿತನಕ ಅದು ಬದುಕಿರ್ಬೇಕಲ್ಲಪ್ಪ. ಜೈಲಿಗೆ ಹಾಕಿದೋರ್ಗೂ ಎದ್ದು ಓಡಾಡೋಕೆ ಬಿಡ್ತಾರೆ.”

ಕಾವಲುಗಾರ ತಲೆ ಕೆರೆದುಕೊಂಡ. ಸಾಹೇಬ ಊಟಕ್ಕೆ ಹೋದ ಅರ್ಧ ಗಂಟೆ ಒಳಗೆ ಬಿಟ್ಟ. ಹಾಳೆಗಳು ಹಗ್ಗ ಬಿಚ್ಚದೆ ಗೋಡೆಗೆ ಒರಗಿ ನಿಂತಿದ್ದವು, ಕೆಳತುದಿ ನೆಲದ ತೇವ ಕುಡಿದು ಕಪ್ಪಾಗಿತ್ತು. ಪ್ರತಿ ಹಾಳೆಗೂ ತೂತು ಕೊರೆದು ತಂತಿ ಪೋಣಿಸಿ ಅರಗಿನ ಮುದ್ರೆ ಕಟ್ಟಿದ್ದರು. ತೂತು ಎಲ್ಲೋ ಮೂಲೆಯಲ್ಲಾಗಿದ್ದರೆ ಕತ್ತರಿಸಿ ತೆಗೆಯಬಹುದಿತ್ತು. ಕೊರೆದವನು ಕೈಗೆ ಬಂದ ಕಡೆ ಕೊರೆದಿದ್ದ. ಎರಡು ಎಡ ಹಾಳೆಗಳಲ್ಲಿ ಅದು ಸರಿಯಾಗಿ ಹೊಟ್ಟೆಯ ನಡುವೆ ಬಿದ್ದಿತ್ತು. ತಟ್ಟಕ್ಕ ಹಗ್ಗ ಬಿಚ್ಚಿದಳು. ಇಟ್ಟಿಗೆ ಜೋಡಿಸಿ, ಮಲಗಿಸಿ, ಕಡ್ಡಿ ಇಟ್ಟು ಪೇರಿಸಿದಳು. ಮುಂದಿನ ವಾರ ಹೋದಾಗ ಕಡ್ಡಿಗಳನ್ನು ಯಾರೋ ಎಸೆದಿದ್ದರು. ಮತ್ತೆ ಇಟ್ಟಳು. ಹೀಗೆ ಏಳು ತಿಂಗಳು.

ಈ ಏಳು ತಿಂಗಳಲ್ಲಿ ನಾವು ಅರ್ಜಿ ಬರೆದೆವು, ಮೆಟ್ಟಿಲ ಮೇಲೆ ಕೂತೆವು, ಮೇಲಿನವರ ಬಾಗಿಲು ಕಾದೆವು. ‘ಮುಂದಿನ ವಾರ ಬನ್ನಿ’ ಎನ್ನುವುದು ಕಚೇರಿಯವರಿಗೆ ಉಸಿರಾಟದಷ್ಟು ಸಲೀಸು. ಅವರಿಗೆ ಅದೊಂದು ವಾರ. ಇವಳಿಗೆ ಗುಬ್ಬಿಯ ದನಿ ಹೋದ ವಾರ, ಕುಕ್ಕರಿನ ಸೀಟಿ ಹೋದ ವಾರ, ಫೋನು ಬಡಿದುಕೊಂಡರೂ ತಿಳಿಯದೆ ಕೂತ ವಾರ. ಅದನ್ನು ಅರ್ಜಿಯಲ್ಲಿ ಬರೆಯಲು ಕಾಲಂ ಇಲ್ಲ. ಕೊನೆಗೆ ಸಂಘದ ಹಳೇ ಟ್ರಂಕಿನ ತಳದಲ್ಲಿ ಸಭಾಭವನ ಕಟ್ಟಿದ ವರ್ಷದ ಒಂದು ಚೀಟಿ ಸಿಕ್ಕಿತು, ಜಿರಲೆ ತಿಂದು ಉಳಿಸಿದ್ದು: ‘ಬೀಟೆ ಮೇಜು, ಒಂದು’. ಮೇಲಿನ ಕಚೇರಿಯಿಂದ ಆದೇಶ ಬಂತು. ಮರ ಬಿಡಿ, ತನಿಖೆ ಮುಗಿಯುವ ತನಕ ಮಾದರಿ ಉಳಿಸಿಕೊಳ್ಳಿ.

ಮಾದರಿ ಎಂದರೆ ಎಷ್ಟು ಎಂದು ಆದೇಶದಲ್ಲಿರಲಿಲ್ಲ. ಸಾಹೇಬ ಕನ್ನಡಕ ಏರಿಸಿ ಹಾಳೆಗಳ ಮೇಲಿನ ಪೆನ್ಸಿಲ್ ಬರಹ ಓದಿದ. ಒಂದು ಎಡ, ಒಂದು ಬಲ. ಎರಡು ಎಡ, ಎರಡು ಬಲ. ಅವನಿಗೆ ಖುಷಿಯಾಯಿತು. ಎಲ್ಲವೂ ಎರಡೆರಡು ಇವೆ! ಇಷ್ಟು ಸಲೀಸಾದ ನ್ಯಾಯ ಅವನ ನೌಕರಿಯಲ್ಲೇ ಸಿಕ್ಕಿರಲಿಲ್ಲ. ಎಡದವು ಆರನ್ನೂ ತಟ್ಟಕ್ಕನ ಕೈಗೆ ಕೊಟ್ಟ. ಬಲದವು ಆರನ್ನೂ ಮಾದರಿ ಎಂದು ಇಟ್ಟುಕೊಂಡ.

“ತಗೊಳ್ಳಮ್ಮ. ಮಾದರಿ ಅಂತ ಹತ್ತು ಇಟ್ಕೊಬಹುದಿತ್ತು. ಸರಿಸಮ ಮಾಡಿದೀನಿ. ಪ್ರತಿಯೊಂದರಲ್ಲೂ ಒಂದು ನಿಮಗೆ, ಒಂದು ನಮಗೆ.”

ತಟ್ಟಕ್ಕ ಆರು ಹಾಳೆಯನ್ನು ಎದೆಗವಚಿಕೊಂಡು ನಿಂತಳು. ಏನು ನಡೆಯಿತೆಂದು ಅವಳಿಗೆ ಕೂಡಲೇ ಹೊಳೆಯಲಿಲ್ಲ. ಹೊಳೆದಾಗ ಅವಳ ಮುಖ ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಇವು ಆರೂ ಎಡ, ಸಾರ್.”

“ಹೌದು. ಆರು. ಎಣಿಸ್ಕೊಳ್ಳಿ.”

“ಮೂರು ಜೊತೆ ಕೊಡಿ. ಮೂರು ಜೊತೆ ನೀವಿಟ್ಕೊಳ್ಳಿ. ಅದೂ ಆರೇ ಆಗುತ್ತೆ.”

“ಆಗಲ್ಲ. ಪ್ರತಿ ನಮೂನೆಯಲ್ಲೂ ಮಾದರಿ ಇರ್ಬೇಕು. ಬರೆದಾಯ್ತು, ಮುದ್ರೆ ಆಯ್ತು.”

ಬಾವ ತನ್ನ ಬಲಗಾಲಿನ ಚಪ್ಪಲಿ ಬಿಚ್ಚಿ ಸಾಹೇಬನ ಮೇಜಿನ ಮೇಲಿಟ್ಟ. ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು, ಹೊಡೆಯುತ್ತಾನೆ ಅಂದುಕೊಂಡು. ಅವನು ಬಲು ಮೆತ್ತಗೆ ಹೇಳಿದ: “ಇದನ್ನ ಮಾದರಿಗೆ ಇಟ್ಕೊಳ್ಳಿ ಸಾರ್. ನಾನು ಎಡಗಾಲಿಂದು ಹಾಕ್ಕೊಂಡು ಬಸ್‌ಸ್ಟಾಪ್ ತನಕ ಹೋಗ್ತೀನಿ. ಸರಿಸಮ ಆಯ್ತಲ್ಲ?”

ಗುಮಾಸ್ತ ಫೈಲು ಅಡ್ಡ ಹಿಡಿದು ನಕ್ಕ. ಸಾಹೇಬ ಕೆಂಪಾಗಿ, “ಕೇಸ್ ಮುಗಿದ್ಮೇಲೆ ಬಾಕಿದೂ ಸಿಗುತ್ತೆ. ಎರಡು ವರ್ಷ, ಮೂರು ವರ್ಷ. ಮರ ಎಲ್ಲಿಗೂ ಓಡಿಹೋಗಲ್ಲ,” ಅಂದ. ಆಮೇಲೆ ದನಿ ಇಳಿಸಿ, ಬುದ್ಧಿ ಹೇಳುವವನ ಹಾಗೆ: “ಎರಡು ಎಡಾನೇ ಸೇರಿಸ್ಬಿಡಮ್ಮ. ಹಿಂಬದಿ ತಾನೇ? ಯಾರು ನೋಡ್ತಾರೆ?”

ತಟ್ಟಕ್ಕ ಅವನ ಮೇಜನ್ನೊಮ್ಮೆ ಗೆಣ್ಣಿನಿಂದ ತಟ್ಟಿದಳು. “ಪ್ಲೈವುಡ್,” ಅಂದು ಹೊರಟಳು.

ಮನೆಗೆ ಬಂದ ಮೇಲೆ ನಾವೂ ಅದನ್ನೇ ಕೇಳಿದೆವು. ಎರಡು ಎಡ ಸೇರಿಸಿದರೆ ಆಗುವುದಿಲ್ಲವೇ? ಬೇರೆ ಬೇರೆ ಹಲಗೆಯವಾದರೇನು, ಎರಡೂ ಬೀಟೆಯಲ್ಲವೇ?

“ಆಗುತ್ತೆ,” ಅಂದಳು. “ದೂರದಿಂದ ಜೋಡಿ ಹಾಗೇ ಕಾಣುತ್ತೆ. ಅದಕ್ಕೇ ಮಾಡಲ್ಲ. ಅವನು ಮಾಡಿದ್ದನ್ನ ಯಾರಿಗೂ ಕಾಣದ ಹಾಗೆ ನಾನೇ ಮುಚ್ಚಿದ ಹಾಗಾಗುತ್ತೆ. ಅವನ ತಪ್ಪಿಗೆ ನಾನ್ಯಾಕೆ ಪಾಲಿಶ್ ಹಾಕ್ಲಿ?”

ಮಂಚದ ಕೆಳಗಿನಿಂದ ಅಪ್ಪನ ಕಾಲದ ಒಂದು ಪೆಟ್ಟಿಗೆ ಎಳೆದಳು. ಬಟ್ಟೆ ತುಂಬಿದ್ದದ್ದು. ಬಟ್ಟೆ ಸುರಿದು, ಮೊಳೆ ಕಿತ್ತು, ಒಂದು ಬದಿಯ ಹಲಗೆ ತೆಗೆದಳು. ಬಡ ಮರ, ಬಿಳಿಚಿಕೊಂಡದ್ದು, ಗಂಟುಗಂಟು. ಅದರ ಮೇಲೆ ಕಪ್ಪು ಬಾಣ, ಕೆಳಗೆ ಎಂಟು ವರ್ಷದವಳ ಕೈಯ ಅಚ್ಚು: ‘ಈ ಬದಿ ಮೇಲೆ’. ಅದನ್ನು ಹಿಂಬದಿಯಿಂದ ಮಾತ್ರ ಕೆರೆದು ತೆಳುವಾಗಿಸಿದಳು, ಅಕ್ಷರ ಅಳಿಯದ ಹಾಗೆ. ತೂತು ಹೊಟ್ಟೆಗೆ ಬೀಳದ ನಾಲ್ಕು ಎಡ ಹಾಳೆಗಳಲ್ಲಿ ಒಳ್ಳೆಯದೊಂದನ್ನು ಆರಿಸಿದಳು. ಗಿಟಾರಿನ ಬೆನ್ನು ಹೀಗಾಯಿತು: ಎಡಗಡೆ ಅರವತ್ತು ವರ್ಷ ಮುಷ್ಟಿ ತಿಂದ ಕಪ್ಪು ಬೀಟೆ, ಬಲಗಡೆ ಪ್ಯಾಕಿಂಗ್ ಪೆಟ್ಟಿಗೆ.

“ಸೇರಿಸಿದ ಜಾಗ ಮುಂದೆ ಬಾಯಿ ಬಿಡಲ್ವಾ?” ಕೇಳಿದೆ.

“ಬಿಡಲಿ. ಅದಕ್ಕಾದ್ರೂ ಬಾಯಿ ಇರಲಿ.”

ಕಷ್ಟ ಬಂದದ್ದು ಮುಖದ ಹಲಗೆಯಲ್ಲಿ. ಅದರ ಒಳಬದಿಗೆ ಅಂಟಿಸಿದ ಅಡ್ಡಪಟ್ಟಿಗಳನ್ನು ಉಳಿಯಿಂದ ಎಳೆ ಎಳೆಯಾಗಿ ಸವರಿ, ತಟ್ಟಿ ಕೇಳಿ, ಮತ್ತೆ ಸವರಬೇಕು. ತಟ್ಟಿದರೆ ಕೆಳಗಿನ ಗುಂಯ್ ಕೇಳುತ್ತದೆ, ಮೇಲಿನ ಟಿಣ್ ಕೇಳುವುದಿಲ್ಲ. ಮೂರು ದಿನ ಅವಳು ಉಳಿ ಹಿಡಿದು ಸುಮ್ಮನೆ ಕೂತಳು. ಏಳು ತಿಂಗಳ ಹಿಂದೆ ಇದೇ ಕೆಲಸ ಅವಳು ಕಣ್ಣುಮುಚ್ಚಿ ಮಾಡುತ್ತಿದ್ದಳು. ಆ ಏಳು ತಿಂಗಳು ಯಾರ ಕಪಾಟಿನಲ್ಲಿದೆ?

ನಾಲ್ಕನೇ ದಿನ ಬಾವ ಕೆಲಸದಿಂದ ಬಂದವನು ಕೈ ತೊಳೆಯದೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಮೂವತ್ತು ವರ್ಷದಿಂದ ಅವನ ಕೆಲಸ ಏನು? ಬಸ್ಸು ಹೊರಡುವ ಮೊದಲು ಕಬ್ಬಿಣದ ಸಲಾಕೆಯಿಂದ ಒಂದೊಂದು ಟೈರನ್ನೂ ಬಡಿದು, ಸದ್ದು ಕೇಳಿ, ಗಾಳಿ ಎಷ್ಟಿದೆ ಎಂದು ಹೇಳುವುದು. ಮೀಟರು ಬೇಡ ಅವನಿಗೆ.

“ನೀನು ತಟ್ಟು. ನಾನು ಹೇಳ್ತೀನಿ.”

“ಇದು ಟೈರಲ್ಲ.”

“ತಟ್ಟೇ ಮಾರಾಯ್ತಿ.”

ತಟ್ಟಿದಳು. ಅವನು ಕಣ್ಣು ಮುಚ್ಚಿದ. “ಮುಂದಿನ ಬಲ ಚಕ್ರ, ಗಾಳಿ ಜಾಸ್ತಿ. ಬಿಗಿ ಬಿಗಿ ಅಂತಿದೆ.” ಅವಳು ಬಲ ಪಟ್ಟಿಯನ್ನು ಒಂದೆಳೆ ಸವರಿದಳು. “ಈಗ?” “ಇಳೀತು. ಇನ್ನೊಂಚೂರು.” “ಈಗ?” “ನಿಲ್ಸು. ಸಾಕು. ಲೈನಿಗೆ ಬಿಡ್ಬಹುದು.” ಇಬ್ಬರೂ ಜಗಳಾಡಿಕೊಂಡು ಹತ್ತೊಂಬತ್ತು ದಿನ ಮಾಡಿದರು. ಟೈರಿನ ಭಾಷೆಯಲ್ಲಿ ಹದ ಹಿಡಿದ ಗಿಟಾರು ಲೋಕದಲ್ಲಿ ಅದೊಂದೇ ಇರಬೇಕು.

ಮುಚ್ಚುವ ಮೊದಲು ಒಳಗೆ ಚೀಟಿ ಅಂಟಿಸಿದಳು. ಎಡಗಡೆಯ ಬೀಟೆಯ ಮೇಲೆ ತನ್ನ ಹೆಸರು, ಗುರುತಿನ ಚೀಟಿಯಲ್ಲಿರುವ ಹಾಗೆ, ಪೂರ್ತಿ. ಬಲಗಡೆ ಪೆಟ್ಟಿಗೆ ಮರದ ಮೇಲೆ ಪೆನ್ಸಿಲಿನಲ್ಲಿ ಜಪ್ತಿ ನಂಬರು.

ತಂತಿ ಕಟ್ಟಿದ ದಿನ ನಾವು ಐದಾರು ಜನ ಇದ್ದೆವು. ತಟ್ಟಕ್ಕನಿಗೆ ಬಾರಿಸಲು ಬರುವುದು ಎರಡೇ ಹಾಡು, ಎರಡೂ ಅರ್ಧರ್ಧ. ಅವಳು ಹಾಡು ಬಾರಿಸಲಿಲ್ಲ. ಮೊದಲನೇ ತಂತಿಯನ್ನು, ಎಲ್ಲಕ್ಕಿಂತ ತೆಳುವಾದದ್ದನ್ನು, ಒಂದೇ ಸಲ ಮೀಟಿ ಬಿಟ್ಟಳು. ಬಾವನಿಗೆ ಹೇಳಿದಳು, “ಎಣಿಸು. ನಿಲ್ಲೋ ತನಕ.” ತಾನೂ ತುಟಿಯಲ್ಲಿ ಎಣಿಸಿದಳು. ಬಾವ ಗಟ್ಟಿಯಾಗಿ ಎಣಿಸುತ್ತ ಹೋದ. ಏಳು, ಎಂಟು, ಒಂಬತ್ತು. ಒಂಬತ್ತಕ್ಕೆ ನಿಂತಿತು.

“ನಿನಗೆ?” ಎಂದು ಕೇಳಿದ.

“ಮೂರು,” ಅಂದಳು. ಆಮೇಲೆ ನಮ್ಮ ಕಡೆ ತಿರುಗಿ, “ನೋಡ್ರಪ್ಪ, ಆರು ಹಾಳೆ ಅವರ ಹತ್ರ ಇದೆ ಅಂತ ರಸೀದಿ ಕೊಟ್ಟಿದಾರೆ. ನನಗೆ ಕೇಳ್ಸದ ಈ ಆರಕ್ಕೆ ರಸೀದಿ ಎಲ್ಲಿ?”

ಮುಂದಿನ ಮಂಗಳವಾರ ಬಾವ ಗಿಟಾರು ಹೊತ್ತ, ಅವಳು ಕಡ್ಡಿ ಚೀಲ ಹೊತ್ತಳು. ಕಚೇರಿಗೆ ಹೋದೆವು. ಸಾಹೇಬನಿಗೆ ಸಂಗೀತ ಎಂದರೆ ಪ್ರೀತಿಯಂತೆ. ಎದ್ದು ಬಂದ. “ಆಹಾ, ನೀವೇ ಮಾಡಿದ್ದಾ? ಕೈಯಲ್ಲೇ?” ಎಂದು ಹಾಲು ಬಣ್ಣದ ಮುಖ ಸವರಿದ, ಎರಡು ತಂತಿ ಮೀಟಿದ, ಗುಮಾಸ್ತನನ್ನು ಕರೆದು ತೋರಿಸಿದ. ಆಮೇಲೆ ತಿರುಗಿಸಿ ನೋಡಿದ.

“ಈ ಕಡೆ ಯಾಕಮ್ಮ ಪೆಟ್ಟಿಗೆ ಮರ ಹಾಕಿದೀಯಾ? ಇಷ್ಟು ಚೆನ್ನಾಗಿರೋದನ್ನ ಹಾಳ್ ಮಾಡಿದ್ಯಲ್ಲ!”

“ಇನ್ನರ್ಧ ನಿಮ್ಮ ಉಗ್ರಾಣದಲ್ಲಿದೆ ಸಾರ್.”

ಅವನಿಗೆ ಅರ್ಥವಾಗಲು ನಾವು ಎದುರು ನಿಂತು ನೋಡುವಷ್ಟು ಹೊತ್ತು ಹಿಡಿಯಿತು. ಕಾವಲುಗಾರನನ್ನು ಓಡಿಸಿದ. ಬಲ ಹಾಳೆ ಬಂತು. ಕಡ್ಡಿ ಎಸೆದ ವಾರಗಳಲ್ಲಿ ಅದು ಹೆಂಚಿನ ಹಾಗೆ ಬಾಗಿತ್ತು. ಮೇಲೆ ಟೀ ಲೋಟದ ಮೂರು ಉಂಗುರ. ಯಾರೋ ಅದನ್ನು ತಟ್ಟೆ ಮಾಡಿಕೊಂಡಿದ್ದರು. ತಟ್ಟಕ್ಕ ಎರಡು ಬೆರಳಲ್ಲಿ ತೂಗಿ ಹಿಡಿದು ತಟ್ಟಿದಳು. ಬಾವನ ಮುಖ ನೋಡಿದಳು. ಅವನು ತಲೆಯಾಡಿಸಿದ. “ಪಂಕ್ಚರ್.”

“ತಗೊಂಡೋಗಮ್ಮ, ತಗೊಂಡೋಗಿ ಸರಿಮಾಡ್ಕೊ,” ಸಾಹೇಬನ ದನಿ ಈಗ ಬೆಣ್ಣೆ. “ಕೇಸ್ ಗೀಸ್ ಬಿಡು. ಆರೂ ಒಯ್ಯಿ. ‘ನಿರುಪಯುಕ್ತ, ವಿಲೇವಾರಿ’ ಅಂತ ಬರ್ಕೊಳ್ತೀನಿ.”

“ಬೀಟೆ ಅಂತ ಬರ್ದು ಒಯ್ದ್ರಿ. ಬೀಟೆ ಅಂತಲೇ ಬರ್ದು ಕೊಡಿ. ನಿರುಪಯುಕ್ತ ಮಾಡಿದ್ದು ಯಾರು ಅನ್ನೋದನ್ನೂ ಪಕ್ಕದಲ್ಲೇ ಬರೀರಿ.”

“ಹಾಗೆ ಬರೆಯೋಕೆ ಬರಲ್ಲ.”

“ಹಾಗಿದ್ರೆ ಇಲ್ಲೇ ಇರ್ಲಿ.”

ನಾನು ನಡುವೆ ಬಾಯಿ ಹಾಕಿದೆ. ತೆಗೆದುಕೊಂಡು ಹೋಗೋಣ ಬಿಡು, ಒಂದೆರಡಾದರೂ ಬಿಸಿ ಹಿಡಿದು ನೆಟ್ಟಗೆ ಮಾಡಬಹುದಲ್ಲ ಎಂದು. ಅವಳು ನನ್ನನ್ನು ನೋಡಿದ ರೀತಿಗೆ ನನ್ನ ನಲವತ್ತು ವರ್ಷದ ಹೋರಾಟ ಚೀಲ ಸೇರಿತು. “ಹತ್ತಿ ಕೊಟ್ಟಾಗ್ಲೂ ಹೀಗೇ ಅಂದ್ರಿ ನೀವು. ‘ತಗೊಳ್ಳೋಣ ಬಿಡು, ಏನೂ ಇಲ್ಲದ್ದಕ್ಕಿಂತ ವಾಸಿ’ ಅಂತ.” ಹೌದು, ಅಂದಿದ್ದೆ. ಮಿಲ್ಲಿನ ಗೇಟಿನಲ್ಲಿ ಆ ಹಿಡಿ ಹತ್ತಿಗೆ ಒಪ್ಪಿ ಸಹಿ ಹಾಕಿದ ಮೂವರಲ್ಲಿ ನಾನೊಬ್ಬ.

ಅವಳು ಹಾಳೆಯನ್ನು ತಾನೇ ಎತ್ತಿಕೊಂಡು ಉಗ್ರಾಣಕ್ಕೆ ಹೋದಳು. ಆರನ್ನೂ ಪೇರಿಸಿ, ನಡುವೆ ಕಡ್ಡಿ ಇಟ್ಟು, ಬಾಗಿದ್ದರ ಮೇಲೆ ಇಟ್ಟಿಗೆ ಹೇರಿದಳು. ಪಕ್ಕದಲ್ಲಿ ಇನ್ಯಾರದ್ದೋ ಜಪ್ತಿಯಾದ ಬಾಗಿಲುಗಳು, ಒಂದು ತೊಟ್ಟಿಲು, ನೇಗಿಲಿನ ಉದ್ದ ಈಸು ಮರಗಳು ರಾಶಿ ಬಿದ್ದಿದ್ದವು. ಒಂದೊಂದನ್ನೂ ತಟ್ಟಿ ನೋಡಿ, ಚೀಲದಲ್ಲಿ ಉಳಿದ ಕಡ್ಡಿ ಅವಕ್ಕೂ ಇಟ್ಟಳು. ಈಗ ಕಾವಲುಗಾರ ಹಿಡಿದುಕೊಡುತ್ತಾನೆ.

ವರ್ಷ ಕಳೆಯಿತು. ಕೇಸು ನಡೆಯುತ್ತಿದೆ. ವಾದ್ಯದಂಗಡಿಯವನು ಬಂದು, “ಪೆಟ್ಟಿಗೆ ಮರದ್ದು ಕೇಳ್ಕೊಂಡು ಜನ ಬರ್ತಿದಾರೆ ಅಕ್ಕ, ಹಾಗೇ ಇನ್ನೊಂದು ಮಾಡು,” ಅಂದ. ಅವಳು ಅವನ ಹಣೆ ತಟ್ಟಿ ಕಳಿಸಿದಳು. ಮಂಗಳವಾರ ಕಚೇರಿಯ ಮೆಟ್ಟಿಲ ಮೇಲೆ ಗಿಟಾರಿನ ಬೆನ್ನು ಬೀದಿಗೆ ಕಾಣುವ ಹಾಗೆ ತಿರುಗಿಸಿಟ್ಟುಕೊಂಡು ಗಂಡಹೆಂಡತಿ ಕೂರುತ್ತಾರೆ. ಹೋಗಿಬರುವವರು ‘ಈ ಬದಿ ಮೇಲೆ’ ಎಂದು ಓದಿ, ನಿಂತು, ಯಾಕೆ ಎಂದು ಕೇಳುತ್ತಾರೆ. ಬಾವ ಮೊದಲಿಂದ ಹೇಳುತ್ತಾನೆ. ಹೇಳಿ ಮುಗಿದ ಮೇಲೆ ಅವಳು ಮೊದಲನೇ ತಂತಿ ಮೀಟುತ್ತಾಳೆ, ಇಬ್ಬರೂ ಎಣಿಸುತ್ತಾರೆ. ಅವನದು ಈಗಲೂ ಒಂಬತ್ತು.

ಮೊನ್ನೆ ಮಂಗಳವಾರ ಅವಳದು ಒಂದು. ಸಾಹೇಬ ರಜೆಯಲ್ಲಿದ್ದ. ಮುಂದಿನ ವಾರ ಬನ್ನಿ ಅಂದರು.